ಹೋಲಿಕೆಯ ಸೀಸೆ

ಇನ್‌ಕ್ಯುಬೇಟರಿನ ಪುಟ್ಟ ಬಾಗಿಲು ತೆರೆದಾಗ ಒಳಗಿನ ಬೆಚ್ಚನೆಯ ಗಾಳಿ ಗದಿಗೆಪ್ಪನ ಮುಖಕ್ಕೆ ತಾಗಿತು. ಅದರ ಒಂದು ಎಳೆ ಮೂಗಿನ ಬಲಹೊಳ್ಳೆಯ ಪಕ್ಕದಿಂದ ಒಳಗೆ ಹೋದಂತೆನಿಸಿತು. ಅಲ್ಲಿ ದಾರಿಯಿಲ್ಲವೆಂದು ಅವನಿಗೆ ಗೊತ್ತು. ಹುಡುಗನಾಗಿದ್ದಾಗಲೇ ಮುಚ್ಚಿಕೊಂಡ ತೂತು ಅದು; ಚರ್ಮದ ಕೆಳಗೆ ಈಗ ಉಳಿದಿರುವುದು ಎಳ್ಳುಕಾಳಿನಷ್ಟು ಒಂದು ಗಂಟು, ಮೇಲೆ ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವ ಒಂದು ತಗ್ಗು. ಆದರೂ ಕೆಲವು ದಿನ, ಲೋಕಲಿನ ಬಾಗಿಲಲ್ಲಿ ನಿಂತಾಗ, ಬ್ಯಾಂಕಿನ ಏಸಿಯ ಕೆಳಗೆ ಕೂತು ತನ್ನ ಸರದಿ ಕಾಯುವಾಗ, ಉಸಿರು ಅಲ್ಲಿಂದಲೂ ಆಡುತ್ತಿದೆ ಎನಿಸುವುದಿತ್ತು. ಅಂಥ ಹೊತ್ತಿನಲ್ಲಿ ಅವನು ಕರವಸ್ತ್ರ ತೆಗೆದು ನೆಗಡಿಯಾದವನ ಹಾಗೆ ಮೂಗಿಗೆ ಹಿಡಿಯುತ್ತಿದ್ದ. ಈಗಲೂ ಹಿಡಿದ. ಹಿಡಿದುಕೊಂಡೇ ಒಳಗಿನ ಎರಡು ಸೀಸೆಗಳನ್ನು ನೋಡಿದ.

ಮೊನ್ನೆ ಗೋರೆಗಾಂವ್ ಸ್ಟೇಷನ್ನಿನ ಹತ್ತಿರದ ಯಕ್ಷಿತಾಳ ಅಂಗಡಿಯಿಂದ ತಂದವು ಅವು. ಹಚ್ಚೆ ಹಾಕುವ, ಕಿವಿ ಮೂಗು ಚುಚ್ಚುವ ಅಂಗಡಿ. ವಾರ್ಡಿನ ಹೊಸ ನಿಯಮದಂತೆ ಅಂಥ ಅಂಗಡಿಗಳ ಆಟೊಕ್ಲೇವನ್ನು, ಅಂದರೆ ಚಿಮುಟ, ಉಂಗುರಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡುವ ದೊಡ್ಡ ಕುಕ್ಕರಿನಂಥ ಯಂತ್ರವನ್ನು, ಆರೋಗ್ಯ ನಿರೀಕ್ಷಕನಾದ ಅವನು ಖುದ್ದು ಪರೀಕ್ಷಿಸಬೇಕು. ಪರೀಕ್ಷೆ ಸರಳ. ನೇರಳೆ ದ್ರವದ ಎರಡು ಸೀಸೆ, ಎರಡರಲ್ಲೂ ಬಿಸಿಗೆ ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾದ ಬೀಜಾಣುಗಳು. ಒಂದನ್ನು ಯಂತ್ರದಲ್ಲಿಟ್ಟು ಬೇಯಿಸಬೇಕು. ಇನ್ನೊಂದನ್ನು ಬೇಯಿಸದೆ ಹಾಗೇ ಜೇಬಿನಲ್ಲಿಟ್ಟುಕೊಳ್ಳಬೇಕು, ಹೋಲಿಕೆಗೆ. ಆಮೇಲೆ ಎರಡನ್ನೂ ಬೆಚ್ಚಗಿಟ್ಟು ಕಾಯಬೇಕು. ಬೇಯಿಸಿದ್ದು ನೇರಳೆಯಾಗಿಯೇ ಉಳಿದರೆ ಒಳಗಿನದು ಸತ್ತಿದೆ, ಯಂತ್ರ ಸರಿಯಿದೆ. ಹೋಲಿಕೆಯದು ಹಳದಿಗೆ ತಿರುಗಲೇಬೇಕು. ಒಳಗಿನದಕ್ಕೆ ಜೀವವಿತ್ತು ಎಂಬುದಕ್ಕೆ ಅದೇ ಸಾಕ್ಷಿ. ಈಗ ಅವನ ಕಣ್ಣೆದುರು, ಅವನದೇ ದುಂಡನೆಯ ಅಕ್ಷರದಲ್ಲಿ ಅಂಗಡಿಯ ಹೆಸರು ಹೊತ್ತ ಸೀಸೆ ಹಳದಿಯಾಗಿತ್ತು. ‘ಹೋಲಿಕೆ’ ಎಂದು ಬರೆದದ್ದು ನೇರಳೆಯಾಗಿಯೇ ಇತ್ತು. ಬೇಯಿಸದ ಬೀಜಾಣು ಸಾಯುವುದಿಲ್ಲ. ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದಿದ ಯಾರಿಗಾದರೂ ಒಂದೇ ನೋಟಕ್ಕೆ ತಿಳಿಯುವ ವಿಷಯ: ಚೀಟಿಗಳು ಅದಲುಬದಲಾಗಿವೆ. ಅಂಟಿಸಿದವನು ತಾನೇ.

ಹಾಗೆ ತಿಳಿದ ಹೊತ್ತಿಗೇ ಫೋನ್ ಬಂತು. ವೈದ್ಯಾಧಿಕಾರಿ ವೈಶಾಲಿ ಮೇಡಂ. "ಗದಿಗೆಪ್ಪಾ, ತೀ ಟ್ಯಾಟೂವಾಲೀ, ಕಾಯ್ ಝಾಲಂ?" ಎಂದು ಮರಾಠಿಯಲ್ಲಿ ಕೇಳಿದರು, ಆ ಹಚ್ಚೆಯವಳದು ಏನಾಯಿತೆಂದು. "ಹಳದಿ ಬಂದಿದೆ ಮೇಡಂ" ಎಂದ. ಅದು ನಿಜವೇ ಆಗಿತ್ತು. ಆ ಹೆಸರಿನ ಸೀಸೆ ಹಳದಿ ಬಂದಿತ್ತು. ಇನ್ನೊಂದರ ಬಣ್ಣವನ್ನು ಅವರು ಕೇಳಲಿಲ್ಲ. ಈ ಮನುಷ್ಯನನ್ನು ಎರಡನೆಯ ಪ್ರಶ್ನೆ ಕೇಳಬೇಕಾಗಿಲ್ಲವೆಂಬುದು ವಾರ್ಡ್ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. "ಮಗ್ ಸೀಲ್ ಕರಾ. ಆಜ್‌ಚ್" ಎಂದು, ಇವತ್ತೇ ಸೀಲ್ ಮಾಡಲು ಹೇಳಿ, ಅವರು ಫೋನಿಟ್ಟರು. ಗದಿಗೆಪ್ಪನ ನಾಲಿಗೆಯ ತುದಿಯಲ್ಲಿ ಸಣ್ಣದೊಂದು ಸಿಹಿ ಇತ್ತು. ಏನದು ಎಂದು ಹುಡುಕಿದಾಗ, ಯಕ್ಷಿತಾ ಇನ್ನು ಯಾರ ಮುಖಕ್ಕೂ ದೀಪ ಹಿಡಿದು ನೋಡುವುದಿಲ್ಲ ಎಂಬ ಯೋಚನೆ ಅದು ಎಂದು ಗೊತ್ತಾಗಿ ಅವನ ಕಿವಿ ಬಿಸಿಯಾಯಿತು. ಕಪಾಟಿನಿಂದ ಹೊಸ ಸೀಸೆಗಳ ಜೋಡಿಯೊಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡ. ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಅರಗು, ಬಟ್ಟೆ, ಬೀಗ ಹಿಡಿದುಕೊಂಡು ಅಮೋಲ್ ಜೊತೆಗೆ ಬಂದ. ಅವನು ಕಚೇರಿಯ ಸಹಾಯಕ, ಗಟ್ಟಿ ಗಂಟಲಿನವನು, ಯಾವಾಗಲೂ ಏನಾದರೂ ಅಗಿಯುತ್ತಿರುವವನು. ಸ್ಕೈವಾಕಿನ ನೆರಳಿನಲ್ಲಿ ಇಬ್ಬರೂ ನಡೆದರು. ಎದುರಿಗೆ ಬರುವ ಮುಖಗಳಲ್ಲಿ ಅಲ್ಲಲ್ಲಿ ಮಿಣುಕು, ಒಂದು ಹುಬ್ಬಿನ ತುದಿಯಲ್ಲಿ ಉಕ್ಕಿನ ಮಣಿ, ಒಂದು ತುಟಿಯಲ್ಲಿ ಉಂಗುರ, ಕಾಲೇಜು ಹುಡುಗನೊಬ್ಬನ ಮೂಗಿನಲ್ಲಿ ಒಂದು ಕಪ್ಪು ಬಳೆ. ಆ ಹುಡುಗ ಅದನ್ನು ಎಲ್ಲರಿಗೂ ಕಾಣುವಂತೆ ತಲೆಯೆತ್ತಿ ನಡೆಯುತ್ತಿದ್ದ. ಹಾಗೆ ತಾನೂ ನಡೆಯಬಹುದಿತ್ತೇ ಎನಿಸಿತು; ನೀರಿನೊಳಗಿನಿಂದ ಕೇಳುವಂತೆ, ತಾನು ಬೆಳೆದ ಕುರ್ಲಾದ ಚಾಳಿನ ನಲ್ಲಿಯ ಸದ್ದು ಕೇಳಿತು, ಕೊಡಗಳ ಸಾಲು, ಸಾಲಿನ ಪಕ್ಕದಲ್ಲಿ ಅವ್ವ ರಾಚವ್ವ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಾಳೆ, ಯಾರೋ ಕೇಳುತ್ತಾರೆ, ಯಾರದವಾ ಈ ಕೂಸು. ನಮ್ಮ ಚನ್ನವ್ವಂದು, ಎನ್ನುತ್ತಾಳೆ ಅವ್ವ. ಅವನಿಗಿಂತ ಮೊದಲು ರಾಚವ್ವ ಹೆತ್ತವು ಉಳಿದಿರಲಿಲ್ಲ. ಅದಕ್ಕೆ ಇವನು ಹುಟ್ಟಿದೊಡನೆ ಪಕ್ಕದ ಖೋಲಿಯ ಚನ್ನವ್ವನಿಗೆ ಒಂದು ಮೊರ ತೌಡಿಗೆ ಮಾರಿಬಿಟ್ಟಳು. ಶಾಲೆಯಲ್ಲಿ ಬರೆಸಿದ ಹೆಸರು ಗದಿಗೆಪ್ಪ, ಮನೆಯಲ್ಲಿ ಕರೆದದ್ದು ತಿಪ್ಯಾ, ತಿಪ್ಪೆಗೆ ಎಸೆಯುವಂಥದು. ಬಲಮೂಗು ಚುಚ್ಚಿಸಿ ಬಂಗಾರದ ಮೂಗುಬಟ್ಟು ಹಾಕಿಸಿದಳು. ಹುಡುಕಿಕೊಂಡು ಬರುವ ಸಾವಿಗೆ ರಾಚವ್ವನ ಗಂಡುಮಗು ಸಿಗಬಾರದು. ಚನ್ನವ್ವನ ಮನೆಯ ಕಸದಂಥ ಹೆಣ್ಣೊಂದು ಕಂಡು ಅದು ಹಾಗೇ ಮುಂದಿನ ಖೋಲಿಗೆ ಹೋಗಬೇಕು. ಮುಂದಿನ ಖೋಲಿಯಲ್ಲಿ ಯಾರಿದ್ದರು ಎಂದು ಗದಿಗೆಪ್ಪ ಎಂದೂ ಕೇಳಿರಲಿಲ್ಲ.

ಶಾಲೆಯಲ್ಲಿ ಹುಡುಗರು ಅವನನ್ನು ತಿಪ್ಪವ್ವ ಎಂದರು. ಬೆಂಚಿನಲ್ಲಿ ಬಲಗೆನ್ನೆ ಗೋಡೆಗೆ ಬರುವ ಜಾಗವನ್ನೇ ಹುಡುಕಿ ಕೂರುವುದನ್ನು ಅವನು ಕಲಿತ. ಈಗಲೂ ದಾದರಿನಲ್ಲಿ ಗಾಡಿ ಬದಲಿಸಿದ ಮೇಲೆ ಕೂರಲು ಜಾಗ ಸಿಕ್ಕರೆ ಬಲಗೆನ್ನೆ ಕಿಟಕಿಗೆ ಬರುವ ಹಾಗೆ ಕೂರುತ್ತಾನೆ. ಹೆಂಡತಿಗೆ ಅದು ಬಾಲ್ಯದ ಹುಣ್ಣಿನ ಕಲೆ. ತಪ್ಪಿಲ್ಲದ ಕೆಲಸ ಮಾಡುವವನ ಮುಖವನ್ನು ಯಾರೂ ಬಹಳ ಹೊತ್ತು ನೋಡುವುದಿಲ್ಲ ಎಂಬುದನ್ನೂ ಅವನು ಬೇಗ ಕಲಿತಿದ್ದ. ಅವನ ಜರೂರು ಮೀರಿದ ಅಚ್ಚುಕಟ್ಟುತನದ ಬೇರು ಅಲ್ಲೆಲ್ಲೋ ಇತ್ತು.

"ಸಾಹೇಬ್, ಹುಡುಗಿಗೆ ನಾನು ಬೆಳಿಗ್ಗೇನೇ ಫೋನ್ ಮಾಡಿ ಹೇಳಿಬಿಟ್ಟೆ, ಫೇಲ್ ಅಂತ," ಎಂದ ಅಮೋಲ್, ಅವನಿಗೆ ಬರುವಷ್ಟು ಕನ್ನಡದಲ್ಲಿ. "ಅಳ್ತಾಳೆ ಅಂದ್ಕೊಂಡೆ. ಚುಪ್. ಏಕ್‌ದಮ್ ಚುಪ್." ಆಮೇಲೆ ಕಣ್ಣಂಚಿನಲ್ಲಿ ನೋಡಿ, "ನಥ್ ವಿಷಯ, ನಿಮ್ಮ ಆ ಮೂಗುತಿದು, ಆಫೀಸಿನಲ್ಲಿ ಯಾರಿಗೂ ಹೇಳಿಲ್ಲ, ಹ್ಞಾಂ," ಎಂದ. ಹೇಳಿಲ್ಲ ಎಂದು ಹೇಳುವ ಆ ರೀತಿಯಲ್ಲೇ ಯಾರಿಗೆಲ್ಲ ಹೇಳಿದ್ದಾನೆ ಎಂಬುದು ಗೊತ್ತಾಗುವಂತಿತ್ತು.

ಮೊನ್ನೆ ಅಮೋಲನ ಜೊತೆ ಅಂಗಡಿಗೆ ಹೋದಾಗ ನಡೆದದ್ದು ಇಷ್ಟೇ. ಯಂತ್ರ ಒಳಗೆ ಗುಂಯ್ಗುಡುತ್ತಿತ್ತು, ಒಂದು ಸೀಸೆ ಅದರೊಳಗೆ, ಒಂದು ಅವನ ಅಂಗಿಯ ಜೇಬಿನಲ್ಲಿ. ಆಗ ಕೂಸನ್ನೆತ್ತಿಕೊಂಡು ಒಬ್ಬ ಮುದುಕಿ ಬಂದಳು. "ನಮ್ಮ ಮೊಮ್ಮಗಗ ಮೂಗ ಚುಚ್ಚಬೇಕವಾ. ಇಂವನಕಿಂತ ಮೊದಲ ಎರಡ ಹೋದುವು. ಅಕ್ಕಸಾಲ್ಯಾ ವಲ್ಲೆ ಅಂದ, ಈಗ ಕಾಯ್ದೆ ಆಗೇತೆಂತ." ಯಕ್ಷಿತಾ ಕೈಗವಸು ಕಳಚುತ್ತ, "ಆಗುದಿಲ್ಲ ಅಜ್ಜಿ. ಚಿಕ್ಕ ಮಕ್ಕಳಿಗೆ ಕಿವಿಯ ಹಾಲೆ ಮಾತ್ರ. ಬೇರೆ ಎಲ್ಲ ಹದಿನೆಂಟು ಆಗ್ಬೇಕು. ಬೇಕಾದ್ರೆ ಇವರನ್ನೇ ಕೇಳಿ, ರೂಲ್ ಇವರದ್ದೇ," ಎಂದು ನಕ್ಕಳು. ಉಡುಪಿ ಕಡೆಯ ಹೋಟೆಲಿನವರ ಮಗಳು, ಮುಂಬೈಯಲ್ಲೇ ಹುಟ್ಟಿದವಳು; ಅವಳ ಕನ್ನಡ ಎಡವುತ್ತ ಎಡವುತ್ತ ನಡೆಯುತ್ತಿತ್ತು. ಗದಿಗೆಪ್ಪ ನಿಯಮವನ್ನು ಓದಿದಂತೆ ಹೇಳಿದ. ಮುದುಕಿ ಅವನ ಮಾತು ಬಿಟ್ಟು ದನಿಯನ್ನು ಕೇಳಿಸಿಕೊಂಡಳು. "ನೀವು ವಿಜಾಪುರ ಕಡ್ಯಾವ್ರ ಏನ್ರಿ?" ಅವನು ಉತ್ತರಕ್ಕೆಂದು ಅವಳತ್ತ ತಿರುಗಿದಾಗ ಚುಚ್ಚುವ ಕುರ್ಚಿಯ ದುಂಡುದೀಪ ಅವನ ಬಲಗೆನ್ನೆಯ ಮೇಲೆ ಬಿತ್ತು. ಯಕ್ಷಿತಾ ಬಗ್ಗಿ ನೋಡಿ, ಗೆಳೆಯನನ್ನು ಕಂಡವಳ ಸಂತೋಷದಲ್ಲಿ, "ಅರೇ ಸರ್, ನಿಮಗೂ ಇತ್ತಲ್ಲ ಇಲ್ಲಿ. ರೈಟ್ ಸೈಡ್," ಎಂದಳು. ಅಮೋಲ್ ಅಗಿಯುವುದನ್ನು ನಿಲ್ಲಿಸಿದ. ಮುದುಕಿ ಕೂಸನ್ನು ಒಂದು ಕೈಗೆ ಸರಿಸಿಕೊಂಡು ಇನ್ನೊಂದು ಕೈಯಿಂದ ಗದಿಗೆಪ್ಪನ ಗದ್ದ ಹಿಡಿದು ದೀಪಕ್ಕೆ ತಿರುಗಿಸಿದಳು, ಸಂತೆಯಲ್ಲಿ ಕರುವಿನ ಮುಖ ತಿರುಗಿಸುವ ಹಾಗೆ. "ನೋಡ್, ನೋಡ್," ಎಂದು ಕೂಸಿಗೆ ತೋರಿಸಿದಳು. "ಬದುಕ್ಯಾನ ನೋಡ್ ಇಂವ." ಶಾಲೆಯ ಹುಡುಗರ ನಗೆಗಿಂತ ಆಳಕ್ಕೆ ಆ ಮಾತು ಇಳಿಯಿತು. ಇಷ್ಟು ವರ್ಷ ಓದಿ, ಪರೀಕ್ಷೆ ಬರೆದು, ಲೋಕಲಿನಲ್ಲಿ ನಿಂತು ನಿಂತು ತಾನು ಮಾಡಿದ್ದು ಒಂದೇ ಕೆಲಸ, ಬದುಕಿದ್ದು; ಅದೂ ವೇಷದಲ್ಲಿ. ಅಷ್ಟರಲ್ಲಿ ಯಂತ್ರ ಬೀಪ್ ಎಂದಿತು. ಅವನು ಬಿಸಿ ಸೀಸೆಯನ್ನು ತೆಗೆದ, ಆರಲಿ ಎಂದು ಮೇಜಿನ ಮೇಲಿಟ್ಟ, ಜೇಬಿನದನ್ನೂ ಪಕ್ಕದಲ್ಲಿಟ್ಟ, ಯಾರ ಮುಖವನ್ನೂ ನೋಡದೆ ಚೀಟಿ ಬರೆದು ಅಂಟಿಸಿದ. ಕೈ ನಡುಗಿದ್ದು ನೆನಪಿದೆ. ಯಾವುದಕ್ಕೆ ಯಾವುದು ಎಂಬುದು ನೆನಪಿಲ್ಲ.

ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದರೆ ಗಿರಾಕಿಗಳಿಲ್ಲ, ದುಂಡುದೀಪ ಆರಿದೆ, ಕಪಾಟಿನ ಉಂಗುರಗಳೆಲ್ಲ ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿ ರಾಶಿಯಾಗಿವೆ. ಯಕ್ಷಿತಾ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ತೋಳಿನ ಮೇಲಿನ ಹಚ್ಚೆಯ ಮೀನುಗಳು ಮಂದ ಬೆಳಕಿನಲ್ಲಿ ಈಜುತ್ತಿರುವಂತೆ ಕಂಡವು.

"ಬನ್ನಿ ಸರ್. ಸೀಲ್ ಮಾಡಿ. ನಾನೇ ಎಲ್ಲ ಆಫ್ ಮಾಡಿದ್ದೇನೆ," ಎಂದಳು. "ಮತ್ತೆ ಒಂದು ವಿಷಯ ಉಂಟು. ಅದನ್ನೂ ಬರ್ಕೊಳ್ಳಿ. ಮೊನ್ನೆ ನೀವು ಹೋದ ಮೇಲೆ ಆ ಅಜ್ಜಿ ಹೋಗ್ಲೇ ಇಲ್ಲ. ಮೆಟ್ಟಿಲ ಮೇಲೆ ಕೂತ್ರು. ಸಂಜೆ ತನಕ. ನಾನು ಚುಚ್ಚಿದೆ."

"ಮೂಗು?"

"ಮೂಗು. ಅವರದ್ದೇ ಗೋಲ್ಡ್ ರಿಂಗ್, ಇದೇ ಮಷೀನಲ್ಲಿ ಹಾಕಿ. ನಿಮ್ಮನ್ನು ನೋಡಿದ್ದೆನಲ್ಲ, ಎಂತ ಆಗ್ತದೆ ಮಹಾ ಅಂತ ಅನ್ನಿಸ್ತು." ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. "ಬೆಳಿಗ್ಗೆ ಇವರ ಫೋನ್ ಬಂದ ಮೇಲೆ ಅಜ್ಜಿಗೆ ಮಾಡಿದೆ. ಮಗುವಿಗೆ ಮೈ ಬಿಸಿ ಅಂತೆ. ಕರ್ಕೊಂಡು ಬನ್ನಿ, ಡಾಕ್ಟರ್ ಹತ್ರ ಹೋಗುವ ಅಂದೆ. ಆ ಮಗುವಿಗೆ ಎಂತಾದ್ರೂ ಆದ್ರೆ ಈ ಅಂಗಡಿ ಇದ್ರೆಷ್ಟು ಬಿಟ್ರೆಷ್ಟು."

ಅಮೋಲ್ ಅರಗಿನ ಕಡ್ಡಿಯನ್ನು ಹೊರತೆಗೆದಿದ್ದ. ಗದಿಗೆಪ್ಪನಿಗೆ ತನ್ನ ಮುಂದೆ ಒಂದು ಬಾಗಿಲು ಮೆಲ್ಲಗೆ ತೆರೆದುಕೊಂಡಂತೆ ಕಂಡಿತು, ಸುಲಭದ ಬಾಗಿಲು. ಅವಳು ನಿಯಮ ಮುರಿದಿದ್ದಾಳೆ. ತಾನೇ ಒಪ್ಪಿದ್ದಾಳೆ. ಸೀಸೆಯ ಮಾತು ಬಿಟ್ಟರೂ ಅಂಗಡಿ ಮುಚ್ಚಿಸಲು ಅಷ್ಟು ಸಾಕು, ಚೀಟಿಯ ಸಂಗತಿ ಅದರಡಿ ಹೂತುಹೋಗುತ್ತದೆ, ಯಾರ ಮುಂದೆಯೂ ಯಾವ ಮಾತನ್ನೂ ಆಡಬೇಕಾಗಿಲ್ಲ. ಸಾವು ಮುಂದಿನ ಖೋಲಿಗೆ ಹೋಗುತ್ತದೆ. ಮುಂದಿನ ಖೋಲಿಯಲ್ಲಿ ಇವಳು ಗೋಡೆಗೊರಗಿ ಕೂತಿದ್ದಾಳೆ.

"ಮಷೀನ್ ಸರಿ ಐತಿ," ಎಂದ. ಕಚೇರಿಯ ಕನ್ನಡ ಬಿಟ್ಟು ಮನೆಯ ಮಾತು ಬಾಯಿಗೆ ಬಂದದ್ದು ಅವನಿಗೇ ಆಶ್ಚರ್ಯ. "ತಪ್ಪು ನಂದು. ಚೀಟಿ ಅದಲುಬದಲ್ ಹಚ್ಚೀನಿ."

ಯಕ್ಷಿತಾ ತಲೆಯೆತ್ತಿ ಅವನನ್ನೂ ಅಮೋಲನನ್ನೂ ಅರಗಿನ ಕಡ್ಡಿಯನ್ನೂ ನೋಡಿದಳು. "ಸರ್, ಸುಳ್ಳು ಹೇಳ್ಬೇಡಿ," ಎಂದಳು. "ಪಾಪ ಅಂತ ಹೇಳ್ತಿದ್ದೀರಾ? ಅಥವಾ ಏನಾದ್ರೂ ಕೊಡ್ಬೇಕಾ? ನೇರ ಹೇಳಿ. ನೀವು ತಪ್ಪು ಚೀಟಿ ಹಚ್ಚುವ ಜನ ಅಲ್ಲ. ಈ ಮೇಜು ಒರೆಸಿದ ಬಟ್ಟೆಯನ್ನು ಕೂಡ ನೀವು ಮೂಸಿ ನೋಡಿದ್ದೀರಿ."

"ಕ್ಯಾ ಸಾಹೇಬ್," ಎಂದ ಅಮೋಲ್ ಮೆಲ್ಲಗೆ. ಅವನೂ ನಂಬಿರಲಿಲ್ಲ. ಅವನ ಕಣ್ಣಲ್ಲಿ ಹೊಸದೊಂದು ಗೌರವ ಮೂಡಿತ್ತು, ಇಷ್ಟು ವರ್ಷ ಕಾದು ಕೊನೆಗೂ ಕೈಯೊಡ್ಡಲು ಕಲಿತವನ ಮೇಲಿನ ಗೌರವ. ಗದಿಗೆಪ್ಪನಿಗೆ ನಗು ಬಂದಂತಾಯಿತು. ಅರ್ಧ ನಿಜ ಹೇಳಿದಾಗ ಇಡೀ ಕಚೇರಿ ನಂಬಿತು. ಈಗ ಪೂರ್ತಿ ನಿಜವನ್ನು ಈ ಪುಟ್ಟ ಕೋಣೆ ನಂಬುತ್ತಿಲ್ಲ. ನಂಬಿಸಲು ಕೈಯಲ್ಲಿರುವುದು ಒಂದೇ, ಕೈ ಯಾಕೆ ನಡುಗಿತು ಎಂಬುದು. ಅವನು ಸ್ಟೂಲಿನ ಮೇಲೆ ಕೂತ. ಎದ್ದು ದುಂಡುದೀಪದ ಗುಂಡಿ ಒತ್ತಿ ಮತ್ತೆ ಕೂತ. ಬಲಗೆನ್ನೆಯನ್ನು ಬೆಳಕಿಗೆ ತಿರುಗಿಸಿದ. ಹೇಳುತ್ತ ಹೋದಂತೆ ದನಿ ತನ್ನದಲ್ಲವೆನಿಸಿತು, ಪಕ್ಕದ ಖೋಲಿಯಿಂದ ಬರುತ್ತಿರುವಂತೆ, ಒಂದು ಮೊರ ತೌಡು, ತಿಪ್ಯಾ, ತಿಪ್ಪವ್ವ, ಗೋಡೆಯ ಪಕ್ಕದ ಬೆಂಚು. "ಮೊನ್ನೆ ನೀವು ನೋಡಿದಿರಿ. ನೋಡಿದ್ದಕ್ಕ ನನಗ ಸಿಟ್ಟು ಬಂತು. ಕೈ ನಡುಗಿತು. ಇವತ್ತ ಬೆಳಿಗ್ಗೆ ಗೊತ್ತಾತು, ಆದ್ರೂ ಮೇಡಮ್ಮಗ ಹಳದಿ ಅಂದೆ." ಅಮೋಲ್ ಅಗಿಯುತ್ತಿದ್ದುದನ್ನು ನುಂಗಿ, ಅರಗಿನ ಕಡ್ಡಿಯನ್ನು ಚೀಲದೊಳಗಿಟ್ಟ. ಯಕ್ಷಿತಾ, "ತೌಡು ಅಂದ್ರೆ ಎಂತ ಸರ್?" ಎಂದು ಕೇಳಿದಳು. ಅವನು ಹೇಳಿದ. ಅವಳು ತಲೆಯಾಡಿಸಿದಳು.

ಅವಳ ಎದುರಿನಲ್ಲೇ ಮೇಡಮ್ಮಿಗೆ ಫೋನ್ ಮಾಡಿದ. ಹೋಲಿಕೆಯ ಸೀಸೆ ನೇರಳೆ ಉಳಿದಿದೆ, ಚೀಟಿ ಹಚ್ಚುವಾಗ ತನ್ನಿಂದ ತಪ್ಪಾಯಿತು, ಬೆಳಿಗ್ಗೆಯೇ ಗೊತ್ತಿತ್ತು, ಹೇಳಲಿಲ್ಲ ಎಂದ. "ತುಮ್ಹೀ?" ಎಂದರು ಅವರು, ನೀವೇ ಎಂಬಂತೆ. ಬರೆದು ಕೊಡಿ ಎಂದು ಫೋನಿಟ್ಟರು. ಆ ಒಂದು ಮಾತಿನಿಂದ, ಎರಡನೆಯ ಪ್ರಶ್ನೆ ಬೇಕಿಲ್ಲದ ಮನುಷ್ಯ ವಾರ್ಡ್ ಕಚೇರಿಯಿಂದ ಎದ್ದುಹೋದ. ಇಷ್ಟು ಹಗುರವೇ ಅವನು ಎಂದು ಗದಿಗೆಪ್ಪನಿಗೆ ಅನಿಸಿತು.

ಚೀಲದಲ್ಲಿದ್ದ ಹೊಸ ಜೋಡಿಯನ್ನು ತೆಗೆದ. ಈ ಸಲ ಮೊದಲೇ ಚೀಟಿ ಬರೆದು ಯಕ್ಷಿತಾಳಿಂದಲೇ ಅಂಟಿಸಿದ. ಒಂದು ಯಂತ್ರದೊಳಗೆ ಹೋಯಿತು, ಒಂದು ಅವನ ಜೇಬಿಗೆ. ಹಬೆ ತುಂಬುವ ಸದ್ದು ಕೋಣೆಯನ್ನು ಆವರಿಸಿತು. ಶಟರಿನ ಕೆಳಗಿನ ಬಿಸಿಲಿನ ಪಟ್ಟಿಯಲ್ಲಿ ಹಾದುಹೋಗುವ ಕಾಲುಗಳು, ಕಾಲುಗಳು. ಅವುಗಳಲ್ಲೊಂದು ಜೊತೆ ನಿಂತಿತು, ಮುದುಕಿ ಬಗ್ಗಿ ಒಳಗೆ ಬಂದಳು. ಕೂಸಿನ ಮೂಗಿನಲ್ಲಿ ತಂತಿಯಷ್ಟು ತೆಳ್ಳಗಿನ ಬಂಗಾರ ಮಿನುಗುತ್ತಿತ್ತು.

ಯಕ್ಷಿತಾ ಎದ್ದು ಕೂಸಿನ ಹಣೆ ಮುಟ್ಟಿದಳು. "ಜ್ವರ ಎಷ್ಟು ದಿನದಿಂದ ಅಜ್ಜಿ?"

"ಜ್ವರ ಎಲ್ಲೀದವಾ. ನಿನ್ನೆ ದವಾಖಾನ್ಯಾಗ ಡೋಸ್ ಹಾಕ್ಸೇವಿ, ಅದರ ಕಾವು. ನರ್ಸಬಾಯಿ ಹೇಳೇ ಕಳಿಸ್ಯಾಳ. ನೀ ಫೋನಿನ್ಯಾಗ ನನ್ನ ಮಾತ ಕೇಳ್ದೇನ, ಬರ್ರಿ ಬರ್ರಿ ಅಂತ ಕುಂತಿ."

ಯಕ್ಷಿತಾ ಗೋಡೆಯ ಕಡೆ ತಿರುಗಿದಳು, ಭುಜಗಳು ಅಲುಗಿದವು. ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಗದಿಗೆಪ್ಪ ಕೂಸಿನ ಮೂಗನ್ನು ನೋಡಿದ. ಕೆಂಪಿಲ್ಲ, ಊತವಿಲ್ಲ. ಆದರೆ ಮಗುವಿನ ಮೂಗಿನಲ್ಲಿ ಬಂಗಾರವಿದೆ. ಅದು ಅಲ್ಲಿರುವವರೆಗೆ ಅವಳ ಅಂಗಡಿಯ ಮೇಲೆ ಒಂದು ಕತ್ತಿ ತೂಗುತ್ತದೆ, ಕೂಸು ನಾಳೆ ಅದನ್ನು ಎಳೆದುಕೊಳ್ಳುತ್ತದೆ, ಮುಂದೊಂದು ದಿನ ಬೆಂಚಿನಲ್ಲಿ ಗೋಡೆ ಹುಡುಕುತ್ತದೆ. ಅವಳಿಗೆ ಎಚ್ಚರಿಕೆಯ ನೋಟೀಸು ಬರೆಯಬೇಕು, ಬರೆಯುತ್ತಾನೆ. "ತಗೀಬೇಕಾಗ್ತದ ಆಯಿ," ಎಂದ.

ಮುದುಕಿ ಕೂಸನ್ನು ಎದೆಗೊತ್ತಿಕೊಂಡಳು. "ತಗದ್ರ? ಮತ್ತ ಅದು ಬಂದು ನೋಡಿದ್ರ?" ಅದು ಎಂದರೆ ಯಾವುದು ಎಂದು ಯಾರೂ ಕೇಳಲಿಲ್ಲ. "ನಿಮಗ ಎಷ್ಟ ವರ್ಸಕ್ಕ ತಗದ್ರು? ಖರೇ ಹೇಳ್ರಿ."

ಒಂಬತ್ತು ತುಂಬಿದ ಮೇಲೆ. ಸಾವು ಆ ಚಾಳಿನ ದಾರಿ ಮರೆತಿದೆ ಎಂದು ಅವ್ವನಿಗೆ ಖಾತ್ರಿಯಾದ ಮೇಲೆ. ಅಕ್ಕಸಾಲಿಗ ಮುರಿಗೆಪ್ಪ ಇಕ್ಕಳದಿಂದ ಕತ್ತರಿಸಿ ತೆಗೆದ. ತೂತು ಕೂಡಿಕೊಳ್ಳುವವರೆಗೆ ಅವ್ವ ಅವನನ್ನು ಮಗ್ಗುಲಲ್ಲೇ ಮಲಗಿಸಿಕೊಂಡು ತೋರುಬೆರಳ ತುದಿಯನ್ನು ಮೂಗಿನ ಮೇಲಿಟ್ಟು ಮಲಗುತ್ತಿದ್ದಳು, ಮಗನ ಉಸಿರು ಅಲ್ಲಿಂದ ಹೊರಟುಹೋದೀತು ಎಂಬಂತೆ. ಬೆರಳಿಗೆ ಈರುಳ್ಳಿಯ ವಾಸನೆ ಇರುತ್ತಿತ್ತು.

"ನನಗೂ ಹಿಂಗ ಕೂಸಿದ್ದಾಗನ ತಗದ್ರು ಆಯಿ," ಎಂದ ಗದಿಗೆಪ್ಪ. "ಚುಚ್ಚಿದ ಮೂರನೇ ದಿನಕ್ಕ. ಆದ್ರೂ ಬದುಕೇನಿ, ನೋಡ್ರಿ." ತಾನಾಗಿಯೇ ಗದ್ದವನ್ನು ದೀಪಕ್ಕೆ ತಿರುಗಿಸಿದ. ಮುದುಕಿ ಬಗ್ಗಿ ಬಹಳ ಹೊತ್ತು ನೋಡಿದಳು. ಇಷ್ಟು ನಿಜಗಳ ನಂತರ ಈ ಒಂದು ಸುಳ್ಳು ನಾಲಿಗೆಯ ಮೇಲೆ ಯಾವ ರುಚಿಯನ್ನೂ ಬಿಡಲಿಲ್ಲ. ಅವಳು ಕೂಸನ್ನು ಮೆಲ್ಲಗೆ ಕುರ್ಚಿಯ ಮೇಲೆ ಮಲಗಿಸಿದಳು.

ಅವನು ಕೈ ತೊಳೆದ, ಉಗುರುಸಂದಿಗಳವರೆಗೆ, ನಿಯಮದಲ್ಲಿ ಬರೆದಿರುವ ಹಾಗೆ. ಹೊಸ ಕೈಗವಸು ಹಾಕಿಕೊಂಡ. ಯಕ್ಷಿತಾ ಒಮ್ಮೆಯೂ ನಡುಗದ ಬೆರಳುಗಳಿಂದ ತಂತಿಯನ್ನು ಬಿಡಿಸಿ ತೆಗೆದಳು. ಕೂಸು ಅಳಲು ಬಾಯಿ ತೆರೆಯಿತು. ಗದಿಗೆಪ್ಪ ಬಗ್ಗಿ ಒಂದು ಚೂರು ಅರಳೆಯನ್ನು ಆ ಚುಕ್ಕೆಯ ಮೇಲಿಟ್ಟು, ಅದರ ಮೇಲೆ ತನ್ನ ತೋರುಬೆರಳ ತುದಿಯನ್ನು ಇಟ್ಟ. ರಬ್ಬರಿನಾಚೆಯಿಂದ ಪುಟ್ಟ ಬಿಸಿಯುಸಿರು ಬೆರಳಿಗೆ ತಾಗಿತು, ನಿಂತಿತು, ಮತ್ತೆ ತಾಗಿತು. ಹಿಂದೆ ಯಂತ್ರ ಬೀಪ್ ಎಂದಿತು. ಅವನು ಬೆರಳು ತೆಗೆಯಲಿಲ್ಲ.